ಮಹಾತ್ಮರ ಬಟ್ಟಲಿನ ಆಡಿನ ಹಾಲು



ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಎರಡು ದಿನಗಳು ಬಹಳ ಹತ್ತಿರ ಹತ್ತಿರ ಬರುತ್ತವೆ. 2ರಂದು ಗಾಂಧಿ ಜಯಂತಿ, 4ರಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಈ ಸಂತರ ಹಬ್ಬದ ದಿನವನ್ನೇ ಜಗತ್ತು ಪ್ರಾಣಿಗಳ ದಿನವೆಂದೂ ಆಚರಿಸುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಮೊದಲನೆಯದಕ್ಕೆ ಮಕ್ಕಳಿಂದ ಒಂದು ಭಾಷಣ, ಎರಡನೆಯದಕ್ಕೆ ಒಂದು ಬಲಿಪೂಜೆ. ಅಲ್ಲಿಗೆ ಎರಡೂ ಮುಗಿಯುತ್ತವೆ. ಇವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸುವ ಸಂದರ್ಭ ನನಗೂ ಬಂದಿರಲಿಲ್ಲ, ಒಬ್ಬ ತಾಯಿ ಬಂದು ನನ್ನೆದುರು ಕಣ್ಣೀರಿಡುವವರೆಗೆ.

ಆ ತಾಯಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಜೆಗೆ ಹುಬ್ಬಳ್ಳಿಗೆ ಬಂದವಳು ಕೋಳಿ ಸಾರು ಮುಟ್ಟಲಿಲ್ಲ, ಮೊಟ್ಟೆ ಮುಟ್ಟಲಿಲ್ಲ. ಅಷ್ಟಾಗಿದ್ದರೆ ನಡೆಯುತ್ತಿತ್ತೇನೋ, ಹಾಲು ಹಾಕಿದ ಚಹಾವನ್ನೂ ಕುಡಿಯಲಿಲ್ಲ. ಅಜ್ಜಿ ಧಾರವಾಡದಿಂದ ಪ್ರೀತಿಯಿಂದ ತಂದ ಪೇಡೆಯನ್ನು ಕೈಮುಗಿದು ಹಿಂದಕ್ಕೆ ಸರಿಸಿದಳು. ತಾನು ವೀಗನ್ ಆಗಿದ್ದೇನೆ ಎಂದಳು. ಪ್ರಾಣಿಯಿಂದ ಬಂದ ಯಾವುದನ್ನೂ ತಿನ್ನದವರು, ಉಡದವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ತಂದೆಗೆ ಸಿಟ್ಟು ಬಂತು. ಮಾಂಸ ತಿನ್ನುವವರೆಂಬ ಒಂದೇ ಕಾರಣಕ್ಕೆ ಬಾಡಿಗೆ ಮನೆ ಸಿಗದೆ ಓಣಿಯಿಂದ ಓಣಿಗೆ ಅಲೆದಾಡಿದವರು ಅವರು. ಬೀದಿಯಲ್ಲಿ ಅನುಭವಿಸಿದ ಅವಮಾನ ಈಗ ತಮ್ಮದೇ ಅಡುಗೆ ಮನೆಗೆ ಬಂದು ಕೂತಿದೆ ಎಂದು ಅವರಿಗೆ ಅನ್ನಿಸಿತು. ಮೂರು ದಿನ ತಂದೆ ಮಗಳು ಒಟ್ಟಿಗೆ ಊಟಕ್ಕೆ ಕೂಡಲಿಲ್ಲ. ನೀವಾದರೂ ಅವಳಿಗೆ ಬುದ್ಧಿ ಹೇಳಿ ಫಾದರ್ ಎಂದು ತಾಯಿ ಬೇಡಿಕೊಂಡರು.

ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ ಓದಿದೆ, ದೈವಶಾಸ್ತ್ರ ಓದಿದೆ. ಪೇಡೆಯ ವಿಷಯಕ್ಕೆ ಅದರಲ್ಲೆಲ್ಲೂ ಸಿದ್ಧ ಉತ್ತರವಿರಲಿಲ್ಲ. ಆ ರಾತ್ರಿ ಗಾಂಧೀಜಿಯವರ ಆತ್ಮಕಥೆಯನ್ನು ಕಪಾಟಿನಿಂದ ಕೆಳಗಿಳಿಸಿದೆ. ಅದರಲ್ಲಿ ಹಾಲಿನ ಬಗ್ಗೆ ಒಂದು ಅಧ್ಯಾಯವಿದೆಯೆಂಬ ನೆನಪು ಮಾತ್ರ ಇತ್ತು. ಓದುತ್ತಾ ಹೋದಂತೆ ಅವರ ಇಡೀ ಜೀವನವನ್ನೇ ಊಟದ ತಟ್ಟೆಯ ಕಡೆಯಿಂದ ನೋಡಬಹುದೆಂದು ತಿಳಿಯಿತು. ಅದನ್ನೇ ತಮ್ಮ ಮುಂದೆ ಇಡುತ್ತಿದ್ದೇನೆ.

1869ರಲ್ಲಿ ಪೋರಬಂದರಿನ ವೈಷ್ಣವ ಮನೆತನದಲ್ಲಿ ಹುಟ್ಟಿದ ಮೋಹನದಾಸನು ಹುಡುಗನಾಗಿದ್ದಾಗ ಮಾಂಸ ತಿಂದಿದ್ದನೆಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಏಕೆ ತಿಂದನೆಂಬುದು ಅಷ್ಟಾಗಿ ಗೊತ್ತಿರಲಾರದು. ಬಾಯಿರುಚಿಗೆ ತಿಂದದ್ದಲ್ಲ. ಇಂಗ್ಲಿಷರು ಮಾಂಸ ತಿನ್ನುತ್ತಾರೆ, ಆದ್ದರಿಂದ ಗಟ್ಟಿಯಾಗಿದ್ದಾರೆ, ನಮ್ಮನ್ನು ಆಳುತ್ತಾರೆ. ನಾವೂ ತಿಂದರೆ ಅವರನ್ನು ಓಡಿಸಬಹುದು ಎಂದು ಒಬ್ಬ ಗೆಳೆಯ ತಲೆಗೆ ತುಂಬಿದ್ದ. ರಾಜಕೋಟೆಯ ಹೊಳೆಯ ದಂಡೆಯ ಮೇಲೆ, ಯಾರೂ ಕಾಣದ ಜಾಗದಲ್ಲಿ ಆಡಿನ ಮಾಂಸ ತಿಂದಾಯಿತು. ಅದು ಚರ್ಮದ ಹಾಗೆ ಜಿಗುಟಾಗಿತ್ತಂತೆ. ಆ ರಾತ್ರಿ ಕಣ್ಣು ಮುಚ್ಚಿದಾಗಲೆಲ್ಲ ಹೊಟ್ಟೆಯೊಳಗೆ ಜೀವಂತ ಆಡೊಂದು ಅರಚಿದಂತಾಗಿ ಎದ್ದು ಕೂರುತ್ತಿದ್ದ. ಹಾಗಿದ್ದರೂ ಬಿಡಲಿಲ್ಲ. ಸುಮಾರು ಒಂದು ವರ್ಷದಲ್ಲಿ ಐದಾರು ಸಲ ಈ ಗುಟ್ಟಿನ ಊಟ ನಡೆಯಿತು. ಕೊನೆಗೆ ಬಿಟ್ಟದ್ದು ಆಡಿನ ಮೇಲಿನ ಕನಿಕರಕ್ಕಲ್ಲ. ಹಸಿವಿಲ್ಲವೆಂದು ತಾಯಿಗೆ ಸುಳ್ಳು ಹೇಳಬೇಕಾಗುತ್ತಿತ್ತು, ಅದು ಸಹಿಸಲಾಗಲಿಲ್ಲ. ತಂದೆತಾಯಿ ಇರುವವರೆಗೆ ಬೇಡ, ಆಮೇಲೆ ಸ್ವತಂತ್ರನಾಗಿ ಬಹಿರಂಗವಾಗಿ ತಿಂದರಾಯಿತು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

1888ರಲ್ಲಿ ಬ್ಯಾರಿಸ್ಟರ್ ಆಗಲು ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಲೀಬಾಯಿ ಹೆದರಿದರು. ಆಗ ಮನೆತನಕ್ಕೆ ಆಪ್ತರಾಗಿದ್ದ ಬೇಚರಜೀ ಸ್ವಾಮಿ ಎಂಬ ಜೈನ ಮುನಿಗಳು ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ಅವನಿಂದ ಪ್ರತಿಜ್ಞೆ ಮಾಡಿಸಿದರು. ಲಂಡನ್ನಿನಲ್ಲಿ ಆ ಪ್ರತಿಜ್ಞೆ ಅವನನ್ನು ಉಪವಾಸ ಕೆಡವಿತು. ಬೇಯಿಸಿದ ಸಪ್ಪೆ ತರಕಾರಿ, ಒಂದೆರಡು ತುಂಡು ಬ್ರೆಡ್. ಇನ್ನೂ ಬೇಕೆಂದು ಕೇಳಲು ನಾಚಿಕೆ. ಒಂದು ದಿನ ಅಲೆಯುತ್ತಾ ಹೋದಾಗ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರದ ಖಾನಾವಳಿ ಕಣ್ಣಿಗೆ ಬಿತ್ತು. ಒಳಗೆ ಹೋಗುವ ಮೊದಲು ಬಾಗಿಲ ಬಳಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಎಂಬವರ ಪುಸ್ತಕವನ್ನು ಒಂದು ಶಿಲ್ಲಿಂಗಿಗೆ ಕೊಂಡ. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಅಲ್ಲಿಯವರೆಗೆ ತಾಯಿಗಾಗಿ ಮಾಂಸ ಬಿಟ್ಟಿದ್ದವನು ಅಂದಿನಿಂದ ತನ್ನ ವಿವೇಚನೆಯಿಂದಲೇ ಬಿಟ್ಟ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ನೀವು ಗಮನಿಸಬೇಕು. ಮುಂದೆ ಇದಕ್ಕೆ ಮರಳಿ ಬರುವುದಿದೆ. ಮೊಟ್ಟೆ ಮಾಂಸವಲ್ಲ, ಅದನ್ನು ತಿಂದರೆ ಪ್ರತಿಜ್ಞೆ ಮುರಿಯುವುದಿಲ್ಲ ಎಂದು ಲಂಡನ್ನಿನಲ್ಲಿ ಯಾರೋ ಹೇಳಿದರು. ಸ್ವಲ್ಪ ದಿನ ತಿಂದೂ ಆಯಿತು. ಆಮೇಲೆ ಅವನಿಗೆ ಹೊಳೆಯಿತು: ಮಾಂಸವೆಂಬ ಪದಕ್ಕೆ ಇಂಗ್ಲೆಂಡಿನವರು ಹತ್ತು ಅರ್ಥ ಹೇಳಬಹುದು, ಆದರೆ ತಾನು ಮಾತು ಕೊಟ್ಟದ್ದು ತಾಯಿಗೆ. ತಾಯಿಯ ಮನಸ್ಸಿನಲ್ಲಿ ಮಾಂಸವೆಂದರೆ ಮೊಟ್ಟೆಯೂ ಸೇರಿತ್ತು. ಮಾತು ಪಡೆದವರ ಅರ್ಥವೇ ಮಾತಿನ ಅರ್ಥ. ಮೊಟ್ಟೆ ಬಿಟ್ಟ. ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ವ್ರತಗಳ ಬಗ್ಗೆ ನಾವು ಕಲಿತದ್ದನ್ನು ಇಪ್ಪತ್ತೊಂದು ದಾಟದ ಈ ಹುಡುಗ ಯಾವ ತರಗತಿಯೂ ಇಲ್ಲದೆ ಕಂಡುಕೊಂಡಿದ್ದ.

1893ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಕ್ಕೆ ಹೋದರು. ಬಿಳಿಯರ ರೈಲು ಡಬ್ಬಿಯಿಂದ ಅವರನ್ನು ಹೊರಗೆ ತಳ್ಳಿದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ನಮ್ಮ ಸಭೆಗೆ ಸೇರಿದ ಇನ್ನೊಂದು ಕಥೆ ಇದೆ, ಅದನ್ನು ನಾವೇ ಮರೆತಿದ್ದೇವೆ. 1895ರಲ್ಲಿ ಅವರು ಡರ್ಬನ್ ಸಮೀಪದ ಪೈನ್‌ಟೌನ್ ಬಳಿಯ ಮರಿಯನ್‌ಹಿಲ್ ಎಂಬಲ್ಲಿಗೆ ಹೋದರು. ಅದು 1882ರಲ್ಲಿ ಫ್ರಾನ್ಜ್ ಫ್ಯಾನರ್ ಎಂಬ ಸ್ವಾಮಿಗಳು ಸ್ಥಾಪಿಸಿದ ಟ್ರಾಪಿಸ್ಟ್ ಸನ್ಯಾಸಿಗಳ ಮಠ, ಕಥೋಲಿಕ ಮಠ. ಅಲ್ಲಿಯ ಸಹೋದರರು ಮಾಂಸವನ್ನಾಗಲಿ ಮೀನನ್ನಾಗಲಿ ಮುಟ್ಟುತ್ತಿರಲಿಲ್ಲ. ಮೌನವ್ರತ ಪಾಲಿಸುತ್ತಿದ್ದರು. ಬಡಗಿತನ, ಚಮ್ಮಾರಿಕೆ, ಮುದ್ರಣ ಎಲ್ಲವನ್ನೂ ತಮ್ಮ ಕೈಯಿಂದಲೇ ಮಾಡುತ್ತಿದ್ದರು. ಊರಿನ ಕಪ್ಪು ಜನರ ಮಕ್ಕಳಿಗೂ ಕಲಿಸುತ್ತಿದ್ದರು. ಆ ನಾಡಿನಲ್ಲಿ ಬೇರೆಲ್ಲೂ ಕಾಣದ ಒಂದನ್ನು ಗಾಂಧೀಜಿ ಅಲ್ಲಿ ಕಂಡರು: ಬಿಳಿಯನಿಗೆ ಸಿಗುವ ಮರ್ಯಾದೆಯೇ ಕರಿಯನಿಗೂ ಸಿಗುತ್ತಿತ್ತು. ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಗೆ ಅವರು ಈ ಮಠದ ಬಗ್ಗೆ ಮೆಚ್ಚಿ ಒಂದು ದೀರ್ಘ ಲೇಖನ ಬರೆದರು.

ಪ್ರಾಣಿಯ ಮೇಲಿನ ದಯೆ ಮತ್ತು ಮನುಷ್ಯರಲ್ಲಿ ಮೇಲು ಕೀಳೆಣಿಸದಿರುವುದು, ಈ ಎರಡನ್ನು ಒಂದೇ ಚಾವಣಿಯ ಕೆಳಗೆ ಗಾಂಧೀಜಿ ಕಂಡದ್ದು ಒಂದು ಕಥೋಲಿಕ ಮಠದಲ್ಲಿ ಎಂಬುದನ್ನು ಆ ಹುಡುಗಿಯ ತಂದೆಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ. ಮಾಂಸ ಬಿಡುವುದು ನಮ್ಮ ಧರ್ಮದ ಮಾತೇ ಅಲ್ಲವೆಂಬುದು ಅವರ ವಾದವಾಗಿತ್ತು. ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಮಾಂಸ ಬಿಡುತ್ತೇವೆ. ಬಿಟ್ಟು ಪಾಂಫ್ರೆಟ್ ಮೀನಿಗೆ ಮಾರುಕಟ್ಟೆಗೆ ಓಡುತ್ತೇವೆ, ಆ ಮಾತು ಬೇರೆ.

ಮರಿಯನ್‌ಹಿಲ್ಲಿನ ನಂಟು ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಪ್ರಾರಂಭವಾದಾಗ ಗಾಂಧೀಜಿಯ ಜರ್ಮನ್ ಗೆಳೆಯ ಕ್ಯಾಲನ್‌ಬಾಕ್ ಅದೇ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು. ಸೆರೆಮನೆಯಲ್ಲಿ ತಾವು ಹೊಲಿದ ಒಂದು ಜೊತೆ ಚಪ್ಪಲಿಯನ್ನು ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸ್ ಅವರಿಗೇ ಕೊಟ್ಟರು.

ಆ ಫಾರ್ಮಿನ ಅಡುಗೆ ಮನೆಯ ಕಥೆಯನ್ನು ನಾನು ಎರಡು ಸಲ ಓದಿದೆ. ಸತ್ಯಾಗ್ರಹ ಮಾಡಿ ಜೈಲಿಗೆ ಹೋದವರ ಹೆಂಡಿರು ಮಕ್ಕಳು ಅಲ್ಲಿ ಬಂದು ಇರಬೇಕಾಗಿತ್ತು. ಹಿಂದೂಗಳು, ಮುಸಲ್ಮಾನರು, ಪಾರ್ಸಿಗಳು, ಕ್ರೈಸ್ತರು ಎಲ್ಲರೂ ಇದ್ದರು. ಮಾಂಸ ತಿಂದು ಬೆಳೆದವರು ಮಾಂಸ ಕೇಳಿದರೆ ಏನು ಮಾಡಬೇಕು? ಅದರಲ್ಲೂ ದನದ ಮಾಂಸ ಕೇಳಿದರೆ? ಹುಟ್ಟಿನಿಂದ ವೈಷ್ಣವರಾದ, ಆ ಹೊತ್ತಿಗೆ ಕಟ್ಟಾ ಸಸ್ಯಾಹಾರಿಯಾದ ಗಾಂಧೀಜಿ ಇದನ್ನು ಕುರಿತು ಬಹಳ ಯೋಚಿಸಿದರು. ದನದ ಮಾಂಸ ತಿನ್ನುವವರು ಬರಬೇಡಿ ಎಂದರೆ ನ್ಯಾಯಕ್ಕಾಗಿ ಜೈಲಿಗೆ ಹೋದವನ ಹೆಂಡತಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಆದ್ದರಿಂದ ಅವರು ಕೇಳಿದರೆ ಒದಗಿಸುವುದೇ ತಮ್ಮ ಧರ್ಮ ಎಂದು ನಿಶ್ಚಯಿಸಿದರು. ಆಮೇಲೆ ಆ ಹೆಂಗಸರ ಹತ್ತಿರ ಹೋಗಿ ತಮ್ಮ ಮನಸ್ಸಿನಲ್ಲಿದ್ದುದನ್ನು ಬಿಚ್ಚಿಟ್ಟರು. ಅವರು ತಾವಾಗಿಯೇ ಒಪ್ಪಿದರು. ಅಡುಗೆ ಮನೆ ಸಸ್ಯಾಹಾರದ್ದೇ ಆಯಿತು. ಬಾಗಿಲು ಮೊದಲು ತೆರೆಯಿತು, ಮಾತು ಆಮೇಲೆ ಬಂತು. ಈ ಅನುಕ್ರಮವನ್ನು ಗಮನಿಸಿ. ಇದು ತಿರುಗುಮುರುಗಾದಾಗ ಏನಾಗುತ್ತದೆಂಬುದು ನಮ್ಮ ಹುಬ್ಬಳ್ಳಿ ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕಿದ ಎಷ್ಟೋ ಜನರಿಗೆ ಗೊತ್ತು.

ಹಾಲಿನ ಸಂಗತಿ ಬಂದದ್ದು ಅಲ್ಲಿಯೇ. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆಂಬ ಅಳುಕು ಗಾಂಧೀಜಿಗೆ ಮೊದಲಿನಿಂದಲೂ ಇತ್ತು. ಈ ಕಾರಣ ನನಗೆ ಅಷ್ಟು ಹಿಡಿಸುವುದಿಲ್ಲ. ಎರಡನೆಯ ಕಾರಣ ಬೇರೆ ತರಹದ್ದು. ಕಲ್ಕತ್ತೆಯಿಂದ ಅವರಿಗೆ ಕೆಲವು ಬರಹಗಳು ಬಂದವು. ಹಸು ಎಮ್ಮೆಗಳನ್ನು ಸಾಕಿದವರೇ ಅವಕ್ಕೆ ಕೊಡುವ ಹಿಂಸೆಯನ್ನು ಅವುಗಳಲ್ಲಿ ವಿವರಿಸಿತ್ತು. ಅದರಲ್ಲಿ ಫೂಕಾ ಎಂಬ ಪದ್ಧತಿಯೊಂದು. ಮರ್ಯಾದೆ ಬಿಡದೆ ಹೇಳುವುದಾದರೆ, ಹಸುವಿನ ಹಿಂಬದಿಯಿಂದ ಗಾಳಿ ಊದಿ, ಅದು ಕರುವಿಗೆಂದು ಹಿಡಿದಿಟ್ಟ ಕೊನೆಯ ಹನಿಯನ್ನೂ ಕಸಿಯುವುದು. ಇಂದಿಗೂ ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 12ನೇ ಕಲಮು ಈ ಪದ್ಧತಿಯನ್ನು ಹೆಸರೆತ್ತಿ ನಿಷೇಧಿಸುತ್ತದೆ. ಅದನ್ನು ಓದಿ ಗಾಂಧೀಜಿ ತಳಮಳಿಸಿದರು. ಕ್ಯಾಲನ್‌ಬಾಕ್ ಅವರೊಡನೆ ಮಾತಾಡಿದರು. ಹಾಗಾದರೆ ಬಿಟ್ಟೇಬಿಡೋಣವೆಂದು ಆ ಗೆಳೆಯನೇ ಮೊದಲು ಸೂಚಿಸಿದರಂತೆ. 1912ರಲ್ಲಿ ಇಬ್ಬರೂ ಹಾಲು ಬಿಟ್ಟರು. ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ, ಇಷ್ಟೇ ಊಟ. ಬಡವರಲ್ಲಿ ಬಡವನು ತಿನ್ನಬಹುದಾದದ್ದನ್ನು ತಾವೂ ತಿನ್ನಬೇಕೆಂಬ ಆಸೆಯೂ ಅದರೊಳಗೆ ಇತ್ತು.

ವೀಗನ್ ಎಂಬ ಪದವನ್ನು ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಬಳಕೆಗೆ ತಂದದ್ದು 1944ರಲ್ಲಿ. ಅದಕ್ಕೆ ಮೂವತ್ತೆರಡು ವರ್ಷ ಮೊದಲೇ, ಹೆಸರಿಲ್ಲದೆ, ಗಾಂಧೀಜಿ ಅದೇ ಊಟಕ್ಕೆ ಬಂದಿದ್ದರು.

ಈ ಕಥೆಯಲ್ಲಿ ಕಸ್ತೂರಬಾ ಅವರನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 1909ರ ಸುಮಾರಿಗೆ ಡರ್ಬನ್ನಿನಲ್ಲಿ ಅವರಿಗೆ ರಕ್ತಸ್ರಾವವಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ದನದ ಮಾಂಸದ ಸಾರು ಕೊಡದಿದ್ದರೆ ಬದುಕುವುದಿಲ್ಲವೆಂದು ವೈದ್ಯರು ಪಟ್ಟು ಹಿಡಿದರು. ಗಾಂಧೀಜಿ ತಾವು ನಿರ್ಧರಿಸದೆ ಹೆಂಡತಿಯನ್ನೇ ಕೇಳಿದರು. ಏಳಲು ಶಕ್ತಿಯಿಲ್ಲದ ಆ ತಾಯಿ ಗಂಡನ ಮಡಿಲಲ್ಲಿ ಸಾಯುತ್ತೇನೆಯೇ ಹೊರತು ಅದನ್ನು ಮುಟ್ಟುವುದಿಲ್ಲ ಎಂದರು. ಹಾಗಾದರೆ ನನ್ನ ಮನೆಯಲ್ಲಿ ಇಟ್ಟುಕೊಳ್ಳಲಾರೆ ಎಂದರು ವೈದ್ಯರು. ತುಂತುರು ಮಳೆಯಲ್ಲಿ, ರಿಕ್ಷಾದಲ್ಲಿ, ರೈಲಿನಲ್ಲಿ, ಕೊನೆಗೆ ಜೋಳಿಗೆಯಲ್ಲಿ ಹೊತ್ತು ಅವರನ್ನು ಫೀನಿಕ್ಸ್ ಆಶ್ರಮಕ್ಕೆ ತಂದರು. ದಾರಿಯುದ್ದಕ್ಕೂ ಗಂಡನಿಗೆ ಧೈರ್ಯ ಹೇಳಿದವರು ಅವರೇ. ಕಸ್ತೂರಬಾ ಬದುಕಿಕೊಂಡರು. ಹಾಗೆಂದು ಅದನ್ನು ಮಾದರಿ ಎಂದು ಎತ್ತಿ ಹಿಡಿಯಲು ನಾನು ಹಿಂಜರಿಯುತ್ತೇನೆ. ರೋಗಿಯ ಜೀವಕ್ಕೆ ಬೇಕಾದದ್ದನ್ನು ಕೊಡಬೇಕು ಎಂಬುದು ನನ್ನ ಮತ. ಆದರೆ ಆ ತೀರ್ಮಾನ ಆಕೆಯದಾಗಿತ್ತು, ಅದನ್ನು ಗಂಡ ಗೌರವಿಸಿದರು.

1914ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಗೆ ಪಕ್ಕೆನೋವು ಬಂತು. ಗುರುಗಳೆಂದು ಭಾವಿಸಿದ್ದ ಗೋಖಲೆಯವರು ಹಾಲು ಕುಡಿಯಲು ಒತ್ತಾಯಿಸಿದರು. ಒಂದು ದಿನದ ಕಾಲಾವಕಾಶ ಕೇಳಿ, ರಾತ್ರಿಯೆಲ್ಲ ಯೋಚಿಸಿ, ಆಗುವುದಿಲ್ಲವೆಂದರು. 1915ರಲ್ಲಿ ಭಾರತಕ್ಕೆ ಬಂದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸುತ್ತಾ ಊರೂರು ತಿರುಗುವಾಗ (ಅಹಿಂಸೆಯ ಪ್ರವಾದಿ ಯುದ್ಧಕ್ಕೆ ಸಿಪಾಯಿಗಳನ್ನು ಹುಡುಕುತ್ತಿದ್ದ ವಿಚಿತ್ರ ಕಾಲ ಅದು) ರಕ್ತಭೇದಿಗೆ ತುತ್ತಾಗಿ ಸಾವಿನ ಅಂಚಿಗೆ ಹೋದರು. ಎಲುಬಿನ ಗೂಡಾದರು. ಮುಂಬಯಿಯ ಡಾ. ದಲಾಲ್ ಹಾಲು ಕುಡಿಯದೆ ಮೈ ತುಂಬುವುದಿಲ್ಲವೆಂದರು. ಹಸು ಎಮ್ಮೆಗಳಿಗೆ ಮಾಡುವ ಹಿಂಸೆಯನ್ನು ತಿಳಿದು ಪ್ರತಿಜ್ಞೆ ಮಾಡಿದ್ದೇನೆ, ಕುಡಿಯಲಾರೆ ಎಂದರು ಗಾಂಧೀಜಿ. ಹಾಸಿಗೆಯ ಪಕ್ಕದಲ್ಲೇ ನಿಂತಿದ್ದ ಕಸ್ತೂರಬಾ ಆಗ ಬಾಯಿ ಹಾಕಿದರು: ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ? ವೈದ್ಯರು ಕೂಡಲೇ ಅದನ್ನು ಹಿಡಿದುಕೊಂಡರು.

ಗುರುವಿಗೆ ಸೋಲದವರು ಹೆಂಡತಿಗೆ ಸೋತರು. 1919ರ ಆರಂಭ ಅದು. ರೌಲಟ್ ಮಸೂದೆಯ ವಿರುದ್ಧ ಹೋರಾಡಬೇಕೆಂಬ ಹಂಬಲ ಹುಟ್ಟಿತ್ತು, ಅದಕ್ಕಾಗಿ ಬದುಕಬೇಕೆಂಬ ಆಸೆಯೂ ಹುಟ್ಟಿತ್ತು. ಆಡಿನ ಹಾಲು ಕುಡಿದರು, ಚೇತರಿಸಿಕೊಂಡರು.

ಈಗ ಆ ಮೊಟ್ಟೆಯ ಕಥೆಗೆ ಹಿಂದಿರುಗೋಣ. ಲಂಡನ್ನಿನಲ್ಲಿ ಪದವನ್ನು ಬಿಟ್ಟು ಅರ್ಥವನ್ನು ಹಿಡಿದಿದ್ದ ಮನುಷ್ಯ ಮುಂಬಯಿಯಲ್ಲಿ ಅರ್ಥವನ್ನು ಬಿಟ್ಟು ಪದವನ್ನು ಹಿಡಿದರು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಮತ್ತು ಎಮ್ಮೆ, ಆಡು ಇರಲಿಲ್ಲ ಎಂಬುದು ನಿಜ. ಆದರೆ ಬಿಡಬೇಕೆಂದುಕೊಂಡದ್ದು ಎಲ್ಲ ಹಾಲನ್ನೂ. ಇದನ್ನು ನಾವು ಹುಡುಕಿ ತೋರಿಸಬೇಕಾಗಿಲ್ಲ. ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬರ್ಥದಲ್ಲಿ ತಮ್ಮ ಮೇಲೆ ತಾವೇ ತೀರ್ಪು ಕೊಟ್ಟುಕೊಂಡಿದ್ದಾರೆ. ಅಂದಿನಿಂದ ದಿನವೂ ಆ ಬಟ್ಟಲು ಎದುರಿಗೆ ಬಂದಾಗ ಈ ನೋವು ಮನಸ್ಸಿಗೆ ತಾಕುತ್ತಿತ್ತಂತೆ. ಸಂತ ಪೌಲರೂ ಅಕ್ಷರ ಮತ್ತು ಆತ್ಮದ ವಿಷಯ ಬರೆದಿದ್ದಾರೆ, ಬಯಸಿದ ಒಳಿತನ್ನು ಮಾಡಲಾಗದ ಸಂಕಟವನ್ನೂ ಬರೆದಿದ್ದಾರೆ. ಪಾಪನಿವೇದನೆಯ ಪೀಠದಲ್ಲಿ ಕೂತು ಕೇಳುವ ನನಗೆ ಇದು ಪರಿಚಿತ ಧ್ವನಿ. ವ್ಯತ್ಯಾಸವೆಂದರೆ ನಾವು ಗುಟ್ಟಾಗಿ ಹೇಳಿ ಎದ್ದು ಹೋಗುತ್ತೇವೆ, ಅವರು ಅಚ್ಚು ಹಾಕಿಸಿ ದೇಶಕ್ಕೆಲ್ಲ ಹಂಚಿದರು.

ತಮ್ಮ ಸೋಲನ್ನು ಅಷ್ಟು ಹತ್ತಿರದಿಂದ ಕಂಡವರಾದ್ದರಿಂದಲೋ ಏನೋ, ಇತರರ ತಟ್ಟೆಯ ಮೇಲೆ ಅವರು ಕಣ್ಣಿಡಲಿಲ್ಲ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೇ ಅಧಿವೇಶನ ನಡೆಯಿತು. ಗಾಂಧೀಜಿ ತಮ್ಮ ಜೀವನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದರ ಬೆನ್ನಿಗೇ ಅಲ್ಲಿ ಗೋರಕ್ಷಣಾ ಪರಿಷತ್ತೂ ಸೇರಿತು, ಅದಕ್ಕೂ ಅವರೇ ಅಧ್ಯಕ್ಷರು. ಗೋವಿನ ಹೆಸರಿನಲ್ಲಿ ಮುಸಲ್ಮಾನರ ಮೇಲೆ ಏರಿ ಹೋಗುವುದರಿಂದ ಒಂದು ಹಸುವೂ ಉಳಿಯುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಆ ವರ್ಷಗಳ ಅವರ ಬರಹಗಳನ್ನು ಓದಿದರೆ ಅವರ ಸಿಟ್ಟು ಹೆಚ್ಚಾಗಿ ತಿರುಗುವುದು ಗೋವನ್ನು ಪೂಜಿಸುವವರ ಕಡೆಗೇ: ಕರುವನ್ನು ಉಪವಾಸ ಕೆಡವಿ ಹಾಲು ಹಿಂಡುವವರು, ಎತ್ತಿಗೆ ಹೊತ್ತಲಾರದ ಭಾರ ಹೇರಿ ಮುಳ್ಳುಗೋಲಿನಿಂದ ತಿವಿಯುವವರು, ಬರಡಾದ ಹಸುವನ್ನು ಮಾರಿ ಕೈತೊಳೆದುಕೊಳ್ಳುವವರು. ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು ಮರುದಿನ ಬಾರುಕೋಲು ಎತ್ತುವ ನಮ್ಮ ಸೀಮೆಗೂ ಈ ಮಾತು ಸಲ್ಲುತ್ತದೆ. 1947ರ ಜುಲೈನಲ್ಲಿ ಗೋಹತ್ಯೆಯನ್ನು ಕಾನೂನಿನಿಂದ ನಿಷೇಧಿಸಬೇಕೆಂದು ರಾಶಿ ರಾಶಿ ತಂತಿಗಳು ಬಂದಾಗಲೂ ಅವರು ಒಪ್ಪಲಿಲ್ಲ. ತಾವು ಗೋಸೇವೆಯ ವ್ರತ ತೊಟ್ಟವರು, ಆದರೆ ಹಿಂದೂಗಳಲ್ಲದವರೂ ಇರುವ ದೇಶದಲ್ಲಿ ತಮ್ಮ ವ್ರತವನ್ನು ಇನ್ನೊಬ್ಬರ ಮೇಲೆ ಹೇರುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಹೇರದಿದ್ದರೆ ಮತ್ತೇನು ಮಾಡಬೇಕು? ಇದಕ್ಕೆ ಅವರ ಉತ್ತರ ವ್ಯಾವಹಾರಿಕವಾಗಿತ್ತು. 1927ರ ಮಾರ್ಚಿನಲ್ಲಿ ಪ್ರವಾಸದ ನಡುವೆ ಕೊಲ್ಹಾಪುರ, ನಿಪ್ಪಾಣಿಗಳ ಕಡೆ ಅವರ ಆರೋಗ್ಯ ಕುಸಿಯಿತು. ವಿಶ್ರಾಂತಿಗೆಂದು ನಂದಿ ಬೆಟ್ಟಕ್ಕೆ ಕರೆತಂದರು. ಅಲ್ಲಿಂದ ಬೆಂಗಳೂರಿಗೆ ಇಳಿದ ಮೇಲೆ ಜೂನ್ ತಿಂಗಳಲ್ಲಿ ಅವರು ಸರ್ಕಾರದ ಹೈನುಗಾರಿಕೆ ಸಂಸ್ಥೆಗೆ ವಿದ್ಯಾರ್ಥಿಯಂತೆ ಹೋದರು. ಆಡುಗೋಡಿಯಲ್ಲಿ ಈಗ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿರುವುದು ಅಲ್ಲಿಯೇ. ಮುಖ್ಯಸ್ಥ ವಿಲಿಯಂ ಸ್ಮಿತ್ ಅವರಿಂದ ತಳಿ, ಮೇವು, ಲೆಕ್ಕ ಎಲ್ಲವನ್ನೂ ಕೇಳಿ ತಿಳಿದರು. ಭೇಟಿಯ ಪುಸ್ತಕದಲ್ಲಿ ತಾವು ಸಾಬರಮತಿಯ ರೈತ ಎಂದು ಬರೆದರು. ಅವರ ಆಗ ವಯಸ್ಸು ಐವತ್ತೇಳು. ಗೋಶಾಲೆಗಳು ಮುದಿ ದನಗಳ ದೊಡ್ಡಿಯಾಗಿ ಉಳಿಯಬಾರದು, ಒಳ್ಳೆಯ ಹೈನು ನಡೆಸಬೇಕು. ತಾವಾಗಿ ಸತ್ತ ದನದ ಚರ್ಮವನ್ನು ಅಲ್ಲಿಯೇ ಹದ ಮಾಡಬೇಕು. ಆಗ ಸಾಕುವುದು ಕೊಲ್ಲುವುದಕ್ಕಿಂತ ಅಗ್ಗವಾಗುತ್ತದೆ ಎಂಬುದು ಅವರ ಲೆಕ್ಕ. ಮುಂದೆ ವಾರ್ಧಾದ ಹತ್ತಿರ ನಾಲವಾಡಿಯಲ್ಲಿ ಅಂಥ ಚರ್ಮಾಲಯವೂ ನಡೆಯಿತು.

ಚರ್ಮದ ಮಾತು ಬಂದಲ್ಲಿ ಮನುಷ್ಯರ ಮಾತು ಬರಲೇಬೇಕು. ಸತ್ತ ದನವನ್ನು ಎಳೆದು ಊರನ್ನು ಚೊಕ್ಕಟವಾಗಿಟ್ಟವನನ್ನೇ ಊರು ಹೊರಗಿಟ್ಟಿತು. ಆ ಕೆಲಸ ಕೀಳಲ್ಲ, ಅದೊಂದು ವಿದ್ಯೆ ಎಂದು ಗಾಂಧೀಜಿ ಹೇಳುತ್ತಾ ಹೋದರು. ಅದೇ ಹೊತ್ತಿಗೆ ಸತ್ತ ದನದ ಮಾಂಸ ಬಿಡಿ ಎಂದು ದಲಿತರಿಗೂ ಹೇಳಿದರು. ಇಲ್ಲಿ ಅವರ ಮಾತು ಎಲ್ಲರಿಗೂ ಸಮಾಧಾನ ತರಲಿಲ್ಲ. ಡಾ. ಅಂಬೇಡ್ಕರ್ 1948ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಸ್ಪೃಶ್ಯತೆಯ ಬೇರನ್ನು ದನದ ಮಾಂಸದ ಚರಿತ್ರೆಯಲ್ಲೇ ಹುಡುಕಿದರು. ಹಸಿದವನಿಗೆ ಸಿಕ್ಕಿದ್ದು ಅದೊಂದೇ ಆಗಿರುವಾಗ ಅದನ್ನೇ ಅವನ ಕಳಂಕವಾಗಿ ಮಾಡಿದ ಸಮಾಜವನ್ನು ಮೊದಲು ಪ್ರಶ್ನಿಸಬೇಕು ಎಂದು ನನಗೂ ಅನ್ನಿಸುತ್ತದೆ. ಇದರಲ್ಲಿ ನಾನು ಅಂಬೇಡ್ಕರ್ ಅವರ ಪಕ್ಕ ನಿಲ್ಲುತ್ತೇನೆ.

ಸಾಬರಮತಿ ಆಶ್ರಮದ ಕರುವಿನ ಪ್ರಸಂಗ 1928ರದು. ಕರುವೊಂದು ಗುಣವಾಗದ ರೋಗದಿಂದ ನರಳುತ್ತಿತ್ತು, ಮಗ್ಗುಲು ಬದಲಿಸಲೂ ಆಗದೆ ಒದ್ದಾಡುತ್ತಿತ್ತು. ವೈದ್ಯರು ಕೈಚೆಲ್ಲಿದರು. ಆಶ್ರಮವಾಸಿಗಳೊಡನೆ ಚರ್ಚಿಸಿ ಗಾಂಧೀಜಿ ಅದಕ್ಕೆ ವಿಷದ ಸೂಜಿ ಚುಚ್ಚಿಸಿ ನೋವು ಮುಗಿಸಿದರು, ತಾವೇ ಪಕ್ಕದಲ್ಲಿ ನಿಂತರು. ಗುಜರಾತಿನಲ್ಲಿ ಕೋಲಾಹಲವಾಯಿತು. ಬೈಗುಳದ ಕಾಗದಗಳು ಬಂದವು. ಪ್ರಾಣ ತೆಗೆಯದಿರುವುದಷ್ಟೇ ಅಹಿಂಸೆಯಲ್ಲ, ತನ್ನ ಕೈ ಚೊಕ್ಕಟವಾಗಿರಲಿ ಎಂದು ಇನ್ನೊಂದು ಜ಼ೀವವನ್ನು ನರಳಲು ಬಿಡುವುದೂ ಹಿಂಸೆಯೇ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಈ ತರ್ಕವನ್ನು ಮನುಷ್ಯರಿಗೂ ಎಳೆದು ತಂದರೆ ನಮ್ಮ ಸಭೆ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಪ್ರಾಣಿಯ ವಿಷಯದಲ್ಲಿ ಮಾತ್ರ ನಮ್ಮ ಧರ್ಮೋಪದೇಶ ಸ್ಪಷ್ಟವಾಗಿದೆ. 1992ರಲ್ಲಿ ಹೊರಬಂದ ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳನ್ನು ಆಹಾರಕ್ಕೂ ಉಡುಪಿಗೂ ಬಳಸಲು ಅನುಮತಿಸುತ್ತದೆ. ವಿನಾಕಾರಣ ಅವುಗಳನ್ನು ನೋಯಿಸುವುದು ಮನುಷ್ಯನ ಘನತೆಗೇ ಕುಂದು ಎಂದೂ ಹೇಳುತ್ತದೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ತಮ್ಮ ವಿಶ್ವಪತ್ರದಲ್ಲಿ ಅದನ್ನೇ ಮತ್ತೆ ನೆನಪಿಸಿದರು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಂದೇ ಕೂಗಾಗಿ ಕೇಳಬೇಕೆಂದರು. ಪೀಠಕ್ಕೆ ಬಂದಾಗ ಅವರು ಆರಿಸಿಕೊಂಡ ಹೆಸರು ಅಸ್ಸಿಸಿಯ ಸಂತರದು ಎಂಬುದನ್ನು ನೀವು ಬಲ್ಲಿರಿ.

1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋದಾಗ ಗಾಂಧೀಜಿ ಹಳೆಯ ಸಸ್ಯಾಹಾರಿ ಸಂಘದಲ್ಲಿ ಮಾತಾಡಿದರು. ಪಕ್ಕದಲ್ಲಿ ಹೆನ್ರಿ ಸಾಲ್ಟ್ ಕೂತಿದ್ದರು. ನಲವತ್ತು ವರ್ಷಗಳ ಹಿಂದೆ ಒಂದು ಶಿಲ್ಲಿಂಗಿಗೆ ಕೊಂಡ ಪುಸ್ತಕದ ಕರ್ತೃ, ಈಗ ಮುದುಕರು. ಆರೋಗ್ಯಕ್ಕಾಗಿ ಮಾಂಸ ಬಿಟ್ಟವರು ಕಾಯಿಲೆ ಬಿದ್ದ ಕೂಡಲೇ ಮರಳಿ ಮಾಂಸಕ್ಕೆ ಹೋಗುತ್ತಾರೆ, ನೀತಿಗಾಗಿ ಬಿಟ್ಟವರು ಮಾತ್ರ ಉಳಿಯುತ್ತಾರೆ ಎಂದರು. ಜೊತೆಗೆ, ಸದಾ ಊಟದ ಬಗ್ಗೆಯೇ ಮಾತಾಡುವ ಸಸ್ಯಾಹಾರಿಗಳನ್ನು ಮೆಲ್ಲನೆ ಗದರಿದರು. ಈ ಎರಡನೆಯ ಮಾತನ್ನು ಬೆಂಗಳೂರಿನ ಹುಡುಗಿಗೆ ಹೇಳಿದೆ. ಅವಳು ನಕ್ಕಳು.

ಹಾಲಿಗೆ ಬದಲಿಯನ್ನು ಅವರು ಕೊನೆಯವರೆಗೂ ಹುಡುಕಿದರು. ಬೇಯಿಸದ ಕಾಳು ತಿಂದು ನೋಡಿದರು, ಮೈ ಒಗ್ಗಲಿಲ್ಲ. 1935ರಲ್ಲಿ ವಾರ್ಧಾದ ಮಗನವಾಡಿಯಲ್ಲಿ ಸೋಯಾ ಅವರೆಯ ಪ್ರಯೋಗ ನಡೆಸಿದರು. ಇಂದು ಧಾರವಾಡ ಜಿಲ್ಲೆಯ ಕಪ್ಪು ಮಣ್ಣಿನಲ್ಲಿ ಆ ಸೋಯಾ ಮುಂಗಾರಿನ ಮುಖ್ಯ ಬೆಳೆಗಳಲ್ಲಿ ಒಂದು, ಅದರ ಹಾಲು ಪೊಟ್ಟಣದಲ್ಲಿ ಅಂಗಡಿಗೂ ಬಂದಿದೆ. ಆದರೂ ಗೌಳಿಗರ ಎಮ್ಮೆಯ ಹಾಲಿಲ್ಲದೆ ಪೇಡೆಯಿಲ್ಲ. ಆ ಎಮ್ಮೆಯನ್ನು ನಂಬಿ ಬದುಕುವ ಬಡ ಕುಟುಂಬಗಳಿಗೆ ನಾಳೆಯಿಂದ ಬಿಡಿ ಎನ್ನುವ ಎದೆ ನನಗಿಲ್ಲ. ಆ ಪ್ರಶ್ನೆಯನ್ನು ಹುಡುಗಿಯೂ ಒಪ್ಪಿಕೊಂಡಳು, ಉತ್ತರ ಅವಳ ಹತ್ತಿರವೂ ಇರಲಿಲ್ಲ. 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಕೂತು ಆರೋಗ್ಯದ ಕುರಿತು ಪುಸ್ತಕ ಬರೆದಾಗಲೂ ಗಾಂಧೀಜಿ ಅಲ್ಲಿಯೇ ನಿಂತಿದ್ದರು: ಹಾಲು ಮನುಷ್ಯನ ಸಹಜ ಆಹಾರವಲ್ಲ, ಆದರೆ ಅದಕ್ಕೆ ಸಮನಾದದ್ದು ತನಗೆ ಸಿಕ್ಕಿಲ್ಲ. ಆಡಿನ ಹಾಲಿನ ಉಪಾಯ ಹೇಳಿ ಅವರನ್ನು ಉಳಿಸಿದ ಕಸ್ತೂರಬಾ 1944ರ ಫೆಬ್ರವರಿಯಲ್ಲಿ ಅದೇ ಸೆರೆಯಲ್ಲಿ ತೀರಿಕೊಂಡರು.

ಆ ಮನೆಯಲ್ಲಿ ಈಗ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂಡುತ್ತಾರೆಂದು ತಾಯಿ ಹೇಳಿದರು. ತಂದೆಗೆ ಮೀನಿನ ಸಾರು, ಮಗಳಿಗೆ ಎಣ್ಣೆಗಾಯಿ, ರೊಟ್ಟಿ. ಚಹಾದ ವಿಷಯದಲ್ಲಿ ಇನ್ನೂ ಗೊಣಗಾಟವಿದೆಯಂತೆ.

1948ರ ಜನವರಿ 30ರಂದು ಸಂಜೆ ನಾಲ್ಕೂವರೆಯ ಸುಮಾರಿಗೆ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿ ಸರ್ದಾರ್ ಪಟೇಲರೊಡನೆ ಮಾತಾಡುತ್ತಿದ್ದಾಗ ಆಭಾ ಅವರ ಊಟ ತಂದಿಟ್ಟರು. ಹಸಿ ತರಕಾರಿ, ಬೇಯಿಸಿದ ತರಕಾರಿ, ಕಿತ್ತಳೆ ಹಣ್ಣು, ಒಂದು ಬಟ್ಟಲು ಆಡಿನ ಹಾಲು. ಮಾತು ಮುಗಿಯುವುದು ತಡವಾಯಿತು. ಊಟ ಮುಗಿಸಿ ಎದ್ದು, ಮೊಮ್ಮಕ್ಕಳ ಹೆಗಲ ಮೇಲೆ ಕೈಯಿಟ್ಟು ಅವರು ಪ್ರಾರ್ಥನೆಗೆ ಹೊರಟರು.